ನಿನ್ನೆ ಬಿಚ್ಚಿದ ಸೇತುವೆ

ದೋಣಿಯ ಹುಟ್ಟು ನನ್ನ ಕುತ್ತಿಗೆಗೆ ಅಡ್ಡಲಾಗಿ ಒತ್ತಿಕೊಂಡಿತ್ತು.

ಬೆನ್ನಿಗೆ ಗೋಡೆ. ಎಡಕ್ಕೆ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಕೆಳಗೆ ಕಾಲುವೆ. ವೆನಿಸ್‌ನಲ್ಲಿ ಅರ್ಧ ಓಣಿಗಳು ಹೀಗೇ ನೀರಿಗೆ ಹೋಗಿ ಮುಗಿಯುತ್ತವೆ. ಅರ್ಧ ಮನುಷ್ಯರೂ ಅಷ್ಟೇ!

"ತಾತ, ಒರ್ನೆಲಾ ಮನೆ ವಿಷ್ಯಕ್ಕೆ ಇನ್ನೊಂದ್ಸಲ ತಲೆ ಹಾಕಿದ್ರೆ ಈ ಹುಟ್ಟು ಮುರಿಯುತ್ತೆ," ಎಂದ ದಪ್ಪ ಕುತ್ತಿಗೆಯವನು.

"ಮುರೀಬೇಡಪ್ಪ. ಒಳ್ಳೇ ಮರ. ಈಗೆಲ್ಲ ಸಿಗಲ್ಲ."

ಅವನಿಗೆ ನಗು ಬರಲಿಲ್ಲ. ಜೊತೆಗಿದ್ದ ಸಣಕಲನ ಕಡೆ ತಿರುಗಿದ.

"ಲೇ, ಇವನಿಗೆ ಎಡ ಮೊಣಕಾಲಲ್ವಾ ನೋವು? ಅಲ್ಲಿಗೇ ಒದಿ!"

ಒದ್ದ.

ಕಾಲಿಗಿಂತ ತಲೆಗೆ ಜಾಸ್ತಿ ಏಟು ಬಿತ್ತು. ನಾನು ಕುಂಟದೆ ನಡೆಯುತ್ತೇನೆ. ಆ ಮೊಣಕಾಲಿನ ನೋವು ಗೊತ್ತಿದ್ದದ್ದು ಇಬ್ಬರಿಗೇ. ಇಬ್ಬರೂ ನನ್ನ ಸ್ನೇಹಿತರು!

ಯೋಚಿಸಲು ಪುರುಸೊತ್ತಿರಲಿಲ್ಲ. ಮೆಲ್ಲಗೆ ಎಡಕ್ಕೆ ಸರಿದೆ. ಒಂದು ಮೆಟ್ಟಿಲು ಇಳಿದೆ. ದಪ್ಪನೆಯವನೂ ಇಳಿದ. ಸಮುದ್ರದ ಇಳಿತದ ಹೊತ್ತು. ಕೆಳಗಿನ ಮೆಟ್ಟಿಲುಗಳು ಹಸಿರು ಪಾಚಿ ಹೊದ್ದು ಬಾಯಿ ತೆರೆದಿದ್ದವು. ಊರಿನ ಕೂಸೂ ಅದರ ಮೇಲೆ ಕಾಲಿಡುವುದಿಲ್ಲ. ಇವರು ಊರಿನವರಲ್ಲ, ಸಮುದ್ರದಾಚೆಯ ಮೆಸ್ಟ್ರೆ ಕಡೆಯವರು.

ಅವನ ಬೂಟು ಪಾಚಿಯ ಮೇಲೆ ಕೂತಿತು.

ಧುಡುಂ!

ಮನುಷ್ಯ ನೀರಿಗೆ, ಹುಟ್ಟು ನನ್ನ ಕೈಗೆ.

"ನಿನ್ನ ದೋಸ್ತ್‌ಗೆ ಈಜು ಬರುತ್ತಾ?" ಎಂದು ಸಣಕಲನನ್ನು ಕೇಳಿದೆ.

"ಇ... ಇಲ್ಲ!"

"ಹಾಗಾದ್ರೆ ನನ್ನ ಹಿಂದೆ ಬರೋಕೆ ನಿನಗೆ ಟೈಮಿಲ್ಲ."

ಹುಟ್ಟನ್ನೇ ಊರುಗೋಲು ಮಾಡಿಕೊಂಡು ಹೊರಟೆ.

ಹುಡುಕಿಕೊಡುವುದು, ಹೆದರಿಸುವವರನ್ನು ಹೆದರಿಸುವುದು... ಇದು ನನ್ನ ಕಸುಬು. ಹೆಸರು ಮೊಮೊಲೊ. ಶಾಲೆಯಲ್ಲಿ ಹೆಚ್ಚು ಕಲಿಯಲಿಲ್ಲ. ಮರೆಯುವುದನ್ನಂತೂ ಕಲಿಯಲೇ ಇಲ್ಲ.

ಶನಿವಾರ ಬಂತೆಂದರೆ ಸ್ನೇಹಿತರೆಲ್ಲ ಸೇರಿ ಊರು ಸುತ್ತುತ್ತೇವೆ. ಕಾಲ್ನಡಿಗೆ. ಒಂದು ಬಾರಿನಲ್ಲಿ ನಿಂತೇ ಒಂದು ಸಣ್ಣ ಗ್ಲಾಸ್ ವೈನ್, ಆಮೇಲೆ ಮುಂದಿನ ಬಾರು. ಮುಂದಿನದು ಯಾವುದು ಅನ್ನೋದನ್ನು ಸರದಿ ಯಾರದ್ದೋ ಅವನೇ ಹೇಳಬೇಕು. ಮೀಸೆ ಮೂಡುವ ಮುಂಚಿನಿಂದ ಇದೇ ನಿಯಮ. ಮೊದಲು ನಾಲ್ವರಿದ್ದೆವು. ನಾರ್ದೊ ಸತ್ತ. ಉಳಿದದ್ದು ನಾನು, ಜೋರ್ಜಿ, ಆಲ್ವಿಸೆ.

ಒರ್ನೆಲಾ ನಾರ್ದೊನ ಹೆಂಡತಿ.

ಅವಳ ಕಟ್ಟಡದಲ್ಲಿ ಬಾಕಿ ಮನೆಗಳೆಲ್ಲ ಪ್ರವಾಸಿಗಳ ರೂಮುಗಳಾಗಿದ್ದವು. ನೆಲಮಟ್ಟದಲ್ಲಿ ಅವಳೊಬ್ಬಳೇ ಉಳಿದಿದ್ದಳು. ಯಾರೋ ಬೀಗಕ್ಕೆ ಅಂಟು ಸುರಿದರು. ಅವಳು ಅಲುಗಲಿಲ್ಲ. ಆಮೇಲೆ ಉಬ್ಬರದ ಸೈರನ್ ಕೂಗಿದ ದಿನ, ನೀರು ತಡೆಯಲು ಬಾಗಿಲಿಗೆ ಸಿಕ್ಕಿಸುವ ಕಬ್ಬಿಣದ ಹಲಗೆ ಮಾಯ! ಸಮುದ್ರ ಮಂಚದ ತನಕ ಬಂತು.

"ಯಾರು ಅಂತ ಹುಡುಕು ಮೊಮೊಲೊ," ಅಂದಿದ್ದಳು. "ನಾನಂತೂ ಈ ಹೊಸ್ತಿಲು ದಾಟೋದು ಹೆಣವಾಗಿಯೇ."

ಹುಡುಕುತ್ತಿದ್ದೆ. ಈಗ ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ.

ಮಂಜು ಹತ್ತಿಯಂತೆ ಇಳಿದಿತ್ತು. ಅವತ್ತೂ ಶನಿವಾರ. ಆಲ್ವಿಸೆ ಹೇಳಿದ್ದ ಬಾರಿನ ಬಾಗಿಲು ತಳ್ಳಿದೆ. ಜೋರ್ಜಿಯ ಬಾಯಿ ತುಂಬ ಕರಿದ ಮೀನು.

"ಏನೋ ಮೊಮೊಲೊ, ದೋಣಿ ಎಲ್ಲಿ ಬಿಟ್ಟು ಬಂದೆ?"

ಆಲ್ವಿಸೆ ನಗಲಿಲ್ಲ. ಹುಟ್ಟನ್ನೇ ನೋಡುತ್ತಿದ್ದ.

"ಆಲ್ವಿಸೆ, ಇವತ್ತು ಈ ಬಾರು ಯಾಕೆ?"

"ನನ್ನ ಸರದಿ. ಹೇಳಿದೆ."

"ಇಲ್ಲಿಯ ವೈನು ಕಾಲು ತೊಳೆಯೋಕೂ ನಾಲಾಯಕ್ಕು ಅಂತ ಜೀವಮಾನವೆಲ್ಲ ಬೈದವನು ನೀನು."

"ಬಾಯಿ ರುಚಿ ಬದಲಾಗುತ್ತೆ ಮಾರಾಯ..."

"ಆ ಓಣೀಲಿ ಮುಂದೆ ನಡಿ, ನಾವು ಹಿಂದೆ ಬರ್ತೀವಿ ಅಂತ ಕಳಿಸಿದವನೂ ನೀನು. ನನ್ನ ಮೊಣಕಾಲಿನ ವಿಷಯ ಅವರಿಗೆ ಹೇಳಿದ್ದು ಯಾರೋ?"

ಜೋರ್ಜಿಯ ಕೈಯಲ್ಲಿನ ಮೀನು ತಟ್ಟೆಗೆ ಬಿತ್ತು.

ಆಲ್ವಿಸೆ ಗ್ಲಾಸನ್ನು ಬಿಗಿಯಾಗಿ ಹಿಡಿದ.

"ನೀರಿನಾಚೆ ಮೆಸ್ಟ್ರೆಯಲ್ಲಿದೀನಿ ಕಣೋ ನಾನು! ಏಳನೇ ಮಹಡಿ! ಕಿಟಕಿ ತೆಗೆದ್ರೆ ಲಾರಿಗಳು! ಪ್ರತಿ ಶನಿವಾರ ನಿಮ್ಮ ಜೊತೆ ನಡೆಯೋಕೆ ನನ್ನೂರಿಗೆ ನಾನು ಬಸ್ಸಲ್ಲಿ ಬರ್ತೀನಿ! ಒರ್ನೆಲಾ ಬಿಟ್ಟು ಹೋದ್ರೆ ಅಲ್ಲೊಂದು ರೂಮು ನನಗೆ ಅಂದ್ರು ಆ ಕಟ್ಟಡದ ಮಾಲೀಕರು... ನಾನು ಇಲ್ಲೇ ಸಾಯ್ಬೇಕು ಮೊಮೊಲೊ!"

"ಅದಕ್ಕೆ ಒರ್ನೆಲಾನ ಮುಳುಗಿಸಿದ್ಯಾ?"

ಉತ್ತರ ಗ್ಲಾಸಿನ ರೂಪದಲ್ಲಿ ಬಂತು. ತಲೆ ತಗ್ಗಿಸಿದೆ. ಅದು ಗೋಡೆಗೆ ಬಡಿದು ಪುಡಿಯಾಯಿತು.

ಆಲ್ವಿಸೆ ಓಡಿದ!

ನಾನು ಹಿಂದೆ. ಹುಟ್ಟು, ಕಾಲು, ಹುಟ್ಟು, ಕಾಲು... ಮಂಜಿನಲ್ಲಿ ಅವನ ಬೆನ್ನು ಕಾಣಲಿಲ್ಲ. ಸಪ್ಪಳ ಕೇಳುತ್ತಿತ್ತು. ಎಡಕ್ಕೆ. ಸಣ್ಣ ಸೇತುವೆ. ಬಲಕ್ಕೆ. ಕಣ್ಣು ಕಟ್ಟಿ ಬಿಟ್ಟರೂ ಈ ಊರಿನಲ್ಲಿ ನಮ್ಮ ಕಾಲು ತಪ್ಪುವುದಿಲ್ಲ. ಜಿಲಿಯೊ ಚರ್ಚು ದಾಟಿದ. ಮುಂದಿರುವುದು ದೊಡ್ಡ ಕಾಲುವೆ.

ಎಲ್ಲಿಗೆ ಓಡುತ್ತಿದ್ದಾನೆಂದು ಆಗ ಹೊಳೆಯಿತು!

ಸಲೂಟೆ ಮಾತೆಯ ಹಬ್ಬಕ್ಕೆ ಅಲ್ಲಿ ದೊಡ್ಡ ಕಾಲುವೆಗೆ ಅಡ್ಡಲಾಗಿ ಸೇತುವೆ ಕಟ್ಟುತ್ತಾರೆ. ವರ್ಷಕ್ಕೊಮ್ಮೆ, ಕೆಲವೇ ದಿನ. ಮೇಣದ ಬತ್ತಿ ಹಿಡಿದು ಇಡೀ ಊರು ಆಚೆ ದಡದ ಸಲೂಟೆ ಚರ್ಚಿಗೆ ದಾಟುತ್ತದೆ. ಹಬ್ಬದ ದಿನ ನಾವು ಮೂವರೂ ದಾಟಿದ್ದೆವು.

ನಿನ್ನೆ ಅದನ್ನು ಬಿಚ್ಚಿದರು. ಇಲ್ಲಿರುವವರೆಲ್ಲ ನೋಡಿದರು. ಮೆಸ್ಟ್ರೆಯಲ್ಲಿರುವವನು ನೋಡಲಿಲ್ಲ.

"ಆಲ್ವಿಸೆ! ನಿಲ್ಲೋ! ಸೇತುವೆ ಇಲ್ಲ!"

"ಯಾರಿಗೆ ಹೇಳ್ತೀಯ ಕತೆ! ಮೊನ್ನೆ ಮೊನ್ನೆ ದಾಟಿದೀನಿ!"

ಸಪ್ಪಳ... ಸಪ್ಪಳ... ಆಮೇಲೆ ಸಪ್ಪಳವಿಲ್ಲ.

ನೀರಿನ ಸದ್ದು.

ದಡದಲ್ಲಿ ಬೋರಲು ಮಲಗಿದೆ. ಮಂಜಿನೊಳಗೆ ಹುಟ್ಟು ಚಾಚಿದೆ. ನನ್ನ ಕತ್ತು ಹಿಸುಕಿದ್ದ ಅದೇ ಹುಟ್ಟು. ಬಿಟ್ಟುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ... ತುದಿ ಭಾರವಾಯಿತು. ಎಳೆದೆ. ಅಷ್ಟರಲ್ಲಿ ಜೋರ್ಜಿ ಏದುಸಿರು ಬಿಡುತ್ತ ಬಂದು ಆಲ್ವಿಸೆಯ ಕಾಲರ್ ಹಿಡಿದು ದಡಕ್ಕೆ ಎಳೆದ.

"ಹಬ್ಬಕ್ಕೆ ನಡೆದು ದಾಟ್ತಾರೆ ಕಣೋ ಕತ್ತೆ, ಈಜಿ ಅಲ್ಲ!" ಎಂದು ಬೈದ. ಅವನ ಕೆನ್ನೆ ಒದ್ದೆಯಾಗಿತ್ತು.

ಹತ್ತಿರದಲ್ಲಿ ನಮಗೆ ಬಾಗಿಲು ತೆರೆಯುವ ಮನೆ ಒಂದೇ. ಒರ್ನೆಲಾಳದ್ದು.

ಅವಳು ಏನೂ ಕೇಳದೆ ನಾರ್ದೊನ ಸ್ವೆಟರ್ ತಂದಳು. ಹಬ್ಬಕ್ಕೆ ಮಾಡಿದ್ದ ಕುರಿಮಾಂಸ, ಎಲೆಕೋಸಿನ ಸಾರು ಬಿಸಿ ಮಾಡಿದಳು. ಆಲ್ವಿಸೆಯ ಹಲ್ಲು ಕಟಕಟ ಅನ್ನುತ್ತಿತ್ತು.

"ಹಲಗೆ ತೆಗೆದದ್ದು ನಾನೇ ಒರ್ನೆಲಾ."

ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಅವನ ಬಟ್ಟಲಿಗೆ ಬಡಿಸಿದಳು.

"ಕುಡಿ. ಆರಿಹೋಗುತ್ತೆ."

ಸಂಜೆ ಆಲ್ವಿಸೆಗೆ ಎದೆನೋವು. ಆಂಬುಲೆನ್ಸ್ ದೋಣಿ ಬಂತು. ಆಸ್ಪತ್ರೆಯಲ್ಲಿ ನಾಲ್ಕಾರು ದಿನ ಒದ್ದಾಡಿದ. ಹೋದ. ವೆನಿಸ್‌ನಲ್ಲೇ ಸತ್ತ... ಅವನ ಆಸೆಯಂತೂ ನೆರವೇರಿತು.

ಅವನ ಮಣ್ಣು ಮುಗಿದ ಮೇಲೆ ಒರ್ನೆಲಾ ಪೆಟ್ಟಿಗೆ ಕಟ್ಟಿದಳು. ಪಾದುವಾದಲ್ಲಿ ತಂಗಿ ಇದ್ದಾಳೆ.

"ಗೆದ್ದೆವಲ್ಲ ಒರ್ನೆಲಾ! ಆ ಪುಂಡರು ಇನ್ನು ಬರಲ್ಲ. ನಾನಿದೀನಿ," ಎಂದೆ.

"ಹೊರಗಿನವರು ಬಂದಿದ್ರೆ ಸಾಯೋ ತನಕ ಬಾಗಿಲು ಹಿಡಿದು ನಿಂತಿರ್ತಿದ್ದೆ ಮೊಮೊಲೊ. ನನ್ನ ಮದುವೇಲಿ ಕುಣಿದವನು ಹಲಗೆ ತೆಗೆದ. ಇನ್ನು ಸೈರನ್ ಕೂಗಿದಾಗೆಲ್ಲ ಯಾರ ಮುಖ ನೆನೆಸಿಕೊಳ್ಳಲಿ?"

ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟು ನಡೆದಳು. ತಿರುಗಿ ನೋಡಲಿಲ್ಲ.

ಈಗ ಶನಿವಾರ ನಾವಿಬ್ಬರೇ ನಡೆಯುತ್ತೇವೆ. ಮೊನ್ನೆ ಒರ್ನೆಲಾಳ ಬಾಗಿಲಿನಿಂದ ಗಾಲಿ ಪೆಟ್ಟಿಗೆ ಎಳೆದುಕೊಂಡು ಒಬ್ಬ ಹೊರಬಂದ. ಹೊಸ ಬಾಡಿಗೆಯವನು.

"ಸಲೂಟೆ ಚರ್ಚಿಗೆ ದಾರಿ ಯಾವುದು?"

ಸೇತುವೆ ಇಲ್ಲದ ದೊಡ್ಡ ಕಾಲುವೆಯ ಕಡೆ ಕೈ ತೋರಿಸಿದೆ.

"ನೇರ ಹೋಗಿ ಸಾರ್. ನಮ್ಮವರೆಲ್ಲ ಹಾಗೇ ಹೋಗೋದು!"