ಅಜ್ಜಿ ಹೊಲಿದ ಫ್ರಾಕಿನ ಬಣ್ಣ

"ಬಂತಾ?" ಟಿ.ವಿ.ಯ ಹಿಂದಿನಿಂದ ಬೋಲ್ಟು ಕೂಗಿದಳು.

"ಇಲ್ಲ. ಬರೀ ನೀಲಿ," ಎಂದ ಅಣ್ಣ, ಸೋಫಾದಿಂದ ಏಳದೆಯೇ.

"ಈಗ?"

"ಈಗ್ಲೂ ನೀಲಿನೇ. ಏನೇ, ಸಮುದ್ರ ತೋರಿಸ್ತಿದೀಯಾ?"

"ರಿಮೋಟ್ ಒತ್ತೋ! ಒಂದೊಂದೇ ನಂಬರ್ ಬದಲಾಯಿಸ್ತಾ ಹೋಗು. ಕೂತಲ್ಲೇ ಜೋಕ್ ಮಾಡ್ಬೇಡ."

ಬೋಲ್ಟು ಎಂಬುದು ಅವಳ ನಿಜವಾದ ಹೆಸರಲ್ಲ. ಮನೆಯಲ್ಲಿ ಬಾಗಿಲ ಹಿಡಿಕೆ ಸಡಿಲವಾದರೂ, ಕುರ್ಚಿಯ ಕಾಲು ಅಲುಗಾಡಿದರೂ ಸ್ಕ್ರೂಡ್ರೈವರ್ ಹಿಡಿದು ಮೊದಲು ಓಡುವವಳು ಅವಳೇ. ಹಾಗಾಗಿ ಅಣ್ಣ ತಮಾಷೆಗೆ ಇಟ್ಟ ಹೆಸರು ಎಲ್ಲರ ಬಾಯಲ್ಲೂ ನಿಂತುಬಿಟ್ಟಿತ್ತು.

ಅಟ್ಟ ಗುಡಿಸುವಾಗ ಹಳೆಯ ವಿಡಿಯೊ ಪ್ಲೇಯರ್ ಸಿಕ್ಕಿತ್ತು. ಜೊತೆಗೆ ಎರಡು ಕ್ಯಾಸೆಟ್‌ಗಳು. ಒಂದು ಅಪ್ಪ ಅಮ್ಮನ ಮದುವೆಯದು. ಇನ್ನೊಂದರಲ್ಲಿ, ಬೋಲ್ಟುವಿನಷ್ಟೇ ಚಿಕ್ಕವಳಾಗಿದ್ದ ಅಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದಿದ್ದಳಂತೆ. ಪ್ಲೇಯರ್ ಚೆನ್ನಾಗಿಯೇ ಇತ್ತು. ವೈರನ್ನು ಮಾತ್ರ ಇಲಿ ಕಡಿದು ಹಾಕಿತ್ತು.

ಪ್ಲೇಯರ್ ಇಟ್ಟಿದ್ದ ಮೇಜಿನಿಂದ ಟಿ.ವಿ.ಯ ಬೆನ್ನಿನವರೆಗೆ ದಾರ ಹಿಡಿದು, ಬಳಸಿಕೊಂಡು ಹೋಗುವುದಕ್ಕೆಂದು ಇನ್ನೊಂದಿಷ್ಟು ಉದ್ದ ಬಿಟ್ಟು, ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಬೋಲ್ಟು ಅಪ್ಪನ ಜೊತೆ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಎರಡು ಬಗೆಯ ವೈರು ತೋರಿಸಿದ. ಒಂದರ ಪಿನ್ನುಗಳು ಚಿನ್ನದಂತೆ ಹೊಳೆಯುತ್ತಿದ್ದವು.

"ಚಿನ್ನದ್ದರಲ್ಲಿ ಚಿತ್ರ ಚೆನ್ನಾಗಿ ಬರುತ್ತಾ, ಅಂಕಲ್?"

"ಚಿನ್ನ ಕಿವಿಗೆ ಹಾಕ್ಕೋ ಪುಟ್ಟಿ. ವೈರಿಗೆ ಬೇಕಾಗಿರೋದು ಗಟ್ಟಿಯಾಗಿ ಕೂರೋ ಪಿನ್ನು."

ಬೋಲ್ಟು ಸಾದಾ ವೈರನ್ನೇ ಆರಿಸಿದಳು. ಅದರ ತುದಿಯಲ್ಲಿ ಹಳದಿ, ಬಿಳಿ, ಕೆಂಪು ಎಂದು ಮೂರು ಪಿನ್ನುಗಳಿದ್ದವು. "ಇವು ಬೇರೆ ಬೇರೆ ವೈರಾ?" ಎಂದು ಅವಳು ಕೇಳಿದ್ದಕ್ಕೆ, "ಒಳಗೆ ಮೂರೂ ಒಂದೇ. ಬಣ್ಣ ಬರೀ ಗುರುತಿಗೆ," ಎಂದಿದ್ದ ಅಂಗಡಿಯವನು.

ಈಗ ಟಿ.ವಿ.ಯ ಹಿಂದಿನ ಕತ್ತಲಲ್ಲಿ, ಗೋಡೆಗೆ ಕೆನ್ನೆ ಒತ್ತಿಕೊಂಡು, ಟಾರ್ಚಿನ ಬೆಳಕಲ್ಲಿ ಅವಳು ಹುಡುಕುತ್ತಿದ್ದಳು. ತೂತುಗಳ ಸಾಲಿನಲ್ಲಿ ಹಸಿರಿತ್ತು, ನೀಲಿಯಿತ್ತು, ಕೆಂಪಿತ್ತು, ಬಿಳಿಯಿತ್ತು. ಹಳದಿ ಮಾತ್ರ ಕಾಣಲಿಲ್ಲ. ಬಣ್ಣ ಬರೀ ಗುರುತಿಗೆ ತಾನೆ? ಅವಳು ಹಳದಿ ಪಿನ್ನನ್ನು ಹಸಿರು ತೂತಿಗೆ ಒತ್ತಿದಳು.

"ಬಂತು! ಬಂತು ಕಣೇ!" ಅಣ್ಣ ಸೋಫಾದ ಮೇಲೆ ಎದ್ದು ನಿಂತ. "ಅಮ್ಮಾ, ಅಪ್ಪಾ, ಅಜ್ಜಿ, ಎಲ್ರೂ ಬನ್ನಿ!"

ತಲೆಗೆ ಜೇಡರ ಬಲೆ ಮೆತ್ತಿಕೊಂಡು, ಎದೆಯುಬ್ಬಿಸಿ, ಬೋಲ್ಟು ಹೊರಗೆ ಬಂದಳು.

ಪರದೆಯ ಮೇಲೆ ಒಂದು ವೇದಿಕೆ. ಹುಡುಗಿಯರು ಸಾಲಾಗಿ ಬಂದು ನಿಂತರು. ಎಲ್ಲವೂ ಬೂದು: ವೇದಿಕೆಯ ತೆರೆ ಬೂದು, ಫ್ರಾಕುಗಳು ಬೂದು, ಮುಖಗಳೂ ಬೂದು.

"ಆಗೆಲ್ಲ ಬ್ಲ್ಯಾಕ್ ಅಂಡ್ ವೈಟೇ ಇರ್ತಿತ್ತು," ಎಂದರು ಅಪ್ಪ.

ಅಜ್ಜಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕನ್ನಡಕ ಹಾಕಿಕೊಂಡರು. ಅಜ್ಜಿ, ಅಮ್ಮನ ಅಮ್ಮ, ತುಂಬ ವರ್ಷ ಟೈಲರ್ ಆಗಿದ್ದವರು. ಬೀದಿಯ ಅರ್ಧ ಜನ ಅವರು ಹೊಲಿದ ಬಟ್ಟೆಯಲ್ಲೇ ಓಡಾಡಿದವರು. ಅವರು ಬಹಳ ಹೊತ್ತು ನೋಡಿ ಕೇಳಿದರು: "ಬಣ್ಣ ಎಲ್ಲಿ ಹೋಯ್ತು?"

"ಯಾವ ಬಣ್ಣ ಅಮ್ಮಾ?"

"ನಿನ್ನ ಫ್ರಾಕಿಂದು ಕಣೇ. ಕಿತ್ತಳೆ ಬಣ್ಣ. ತೋಳು ಮಾತ್ರ ಹಸಿರು. ಬಟ್ಟೆ ಸಾಲ್ಲಿಲ್ಲ ಅಂತ ಯಾರದೋ ಕರ್ಟನ್ ತುಂಡು ಹಾಕಿ ಹೊಲಿದಿದ್ದೆ."

ಅಮ್ಮ ನಕ್ಕಳು. "ಇಲ್ಲಮ್ಮ, ಬಿಳಿ ಫ್ರಾಕು. ಶಾಲೆಯ ಗ್ರೂಪ್ ಫೋಟೋದಲ್ಲೂ ಬೆಳ್ಳಗೇ ಇದೆಯಲ್ಲ."

"ತೋಳು ಬೇರೆ ಬಣ್ಣ ಅಂತ ಬೆಳಗ್ಗೆಯೆಲ್ಲ ಅತ್ತಿದ್ದೆ ನೀನು."

"ನಾನಾ? ಅಳ್ಲೇ ಇಲ್ಲ!"

ಪರದೆಯ ಮೇಲೆ ಹಾಡು ಶುರುವಾಯಿತು. ಹುಡುಗಿಯರೆಲ್ಲ ಕೈಗಳನ್ನು ಮೇಲಕ್ಕೆತ್ತಿ ಬೀಸಿದರು. ಕೊನೆಯಲ್ಲಿದ್ದ ಒಬ್ಬಳು ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕುಣಿಯುತ್ತಿದ್ದಳು.

"ಅಯ್ಯೋ, ಅಮ್ಮ ಸ್ಟೆಪ್ಪೇ ಮರೆತು ನಿಂತಿದಾರೆ!" ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡ. ಅಮ್ಮನೂ ನಗುತ್ತ ಮುಖ ಮುಚ್ಚಿಕೊಂಡಳು.

"ಹಸಿರು ಕಣೇ ತೋಳು," ಅಜ್ಜಿ ಮತ್ತೆ ಅಂದರು. "ಎಳೆ ಹಸಿರು."

ತಾನು ಕಷ್ಟಪಟ್ಟು ತಂದ ಚಿತ್ರವನ್ನು ಅಜ್ಜಿ ಒಪ್ಪುತ್ತಿಲ್ಲವಲ್ಲ ಎಂದು ಬೋಲ್ಟುವಿಗೆ ಕಿರಿಕಿರಿಯಾಯಿತು. "ಅಜ್ಜಿ, ಕ್ಯಾಸೆಟ್ ಸುಳ್ಳು ಹೇಳುತ್ತಾ? ನೀನೇ ಮರೆತಿದೀಯ."

ತಮಾಷೆಗೆಂದೇ ಅಂದದ್ದು. ಆದರೆ ಯಾರೂ ನಗಲಿಲ್ಲ. ಹೋದ ವಾರವಷ್ಟೇ ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು. ಪಾತ್ರೆ ಸುಟ್ಟು ಕರಕಲಾಗಿತ್ತು. ಅಂದಿನಿಂದ ಮನೆಯಲ್ಲಿ 'ಮರೆತೆ' ಎಂಬ ಮಾತನ್ನು ಎಲ್ಲರೂ ಹುಷಾರಾಗಿ ಆಡುತ್ತಿದ್ದರು.

"ಇರಬಹುದು," ಎಂದರು ಅಜ್ಜಿ. ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿ, ಎದ್ದು ಕೋಣೆಗೆ ಹೋದರು.

ಮರುದಿನದಿಂದ ಅಜ್ಜಿ ಬೇರೆಯೇ ಆದರು. ಟೀ ಮಾಡಿಕೊಂಡು, "ನಾನು ಸಕ್ಕರೆ ಹಾಕಿದ್ನಾ?" ಎಂದು ಕೇಳಿದರು. ಬಾಗಿಲ ಚಿಲಕ ಹಾಕಿ ಬಂದು, "ಹಾಕಿದೀನಾ ನೋಡು," ಎಂದರು. "ಅಜ್ಜಿ, ಅಮ್ಮ ಚಿಕ್ಕವಳಿದ್ದಾಗ ತುಂಬ ತಂಟೆ ಮಾಡ್ತಿದ್ಳಾ?" ಎಂದು ಬೋಲ್ಟು ಕೇಳಿದರೆ, "ನಂಗೇನು ನೆನಪಿರುತ್ತೆ ಪುಟ್ಟಾ? ನಿಮ್ಮಮ್ಮನ್ನೇ ಕೇಳು," ಎಂದುಬಿಟ್ಟರು.

ಒಂದು ಸಂಜೆ ಅಮ್ಮನಿಗೆ ಹೇಳಿದರು: "ಹೊಲಿಗೆ ಮೆಷಿನ್ನು ಪಕ್ಕದ ಮನೆಯವಳಿಗೆ ಕೊಟ್ಬಿಡು. ನಾನು ಹೊಲಿದ ಬಟ್ಟೆಯ ಬಣ್ಣವೇ ನಂಗೆ ನೆನಪಿಲ್ಲ ಅಂದ್ಮೇಲೆ ಅದು ಯಾಕೆ ನಂಗೆ?"

ಅಮ್ಮ ಬೇಡ ಎನ್ನಲಿಲ್ಲ. ಸೂಜಿ ಕೈಗೆ ಚುಚ್ಚಿಬಿಟ್ಟರೆ ಎಂಬ ಹೆದರಿಕೆ ಅವಳಿಗೂ ಇತ್ತು. ಪಕ್ಕದ ಮನೆಯ ಆಂಟಿ ಭಾನುವಾರ ಬರುತ್ತೇನೆಂದರು.

ಶನಿವಾರ ಮಧ್ಯಾಹ್ನ ಅಪ್ಪ ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಣ್ಣ ಆಡಲು ಹೋಗಿದ್ದ. ಅಜ್ಜಿ ಕೋಣೆಯಲ್ಲಿ ಕೂತು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಕೊಡುವ ವಸ್ತು ಚೊಕ್ಕವಾಗಿರಬೇಕು ಎಂಬುದು ಅವರ ಲೆಕ್ಕ.

"ಅಜ್ಜಿ, ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಹಾಕ್ತೀನಿ. ಬರ್ತೀಯಾ?"

"ನೀನು ನೋಡು ಪುಟ್ಟಾ."

ಬೋಲ್ಟು ಒಬ್ಬಳೇ ನೋಡಿದಳು. ಕೋಟು ತೊಟ್ಟ ಅಪ್ಪ ಪೆದ್ದುಪೆದ್ದಾಗಿ ನಗುತ್ತಿದ್ದರು. ಕತ್ತಿನಲ್ಲಿ ಬೂದು ಬಣ್ಣದ ಟೈ. ಅವಳಿಗೆ ನಗು ಬಂತು. ನಗುತ್ತಲೇ ಕಣ್ಣೆತ್ತಿದಾಗ ಗೋಡೆಯ ಮೇಲಿನ ಮದುವೆ ಫೋಟೋ ಕಂಡಿತು. ಅದೇ ಕೋಟು, ಅದೇ ಪೆದ್ದು ನಗು. ಟೈ ಮಾತ್ರ ಕಡುಗೆಂಪು.

ಅವಳು ಕೆಳಗೆ ನೋಡಿದಳು. ಮೇಲೆ ನೋಡಿದಳು. ನಗು ನಿಂತಿತು.

ಎರಡು ಕ್ಯಾಸೆಟ್ಟೂ ಬೂದು ಎಂದರೆ ಕ್ಯಾಸೆಟ್ಟಿನದು ತಪ್ಪಿರಲಾರದು. ವೈರಿನದೇ? ಹಳದಿ ಪಿನ್ನಿನ ವೈರನ್ನು ಎರಡೂ ಕಡೆ ಕಿತ್ತು, ಅದರ ಜಾಗಕ್ಕೆ ಬಿಳಿ ಪಿನ್ನಿನದನ್ನು ಹಾಕಿ ನೋಡಿದಳು. ಚಿತ್ರ ಬಂತು, ಮತ್ತೆ ಬೂದು. ವೈರೂ ಸರಿಯಾಗಿಯೇ ಇತ್ತು.

ಇನ್ನು ಉಳಿದದ್ದು ಒಂದೇ: ಅವಳು ಮಾಡಿದ ಕೆಲಸ. ಅದನ್ನು ಮೊದಲೇ ನೋಡಬಹುದಿತ್ತು. ಯಾಕೋ ಅದನ್ನೇ ಕೊನೆಗೆ ಇಟ್ಟುಕೊಂಡಿದ್ದಳು.

ಅಮ್ಮನ ಪುಟ್ಟ ಕನ್ನಡಿಯನ್ನು ಟಿ.ವಿ.ಯ ಬೆನ್ನಿಗೆ ಹಿಡಿದು, ಟಾರ್ಚ್ ಬಿಟ್ಟು, ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿದಳು. ಆ ಸಾಲಿನಿಂದ ದೂರ, ಪಕ್ಕದ ಮಗ್ಗುಲಲ್ಲಿ, ಧೂಳು ಮುಚ್ಚಿದ ಇನ್ನೊಂದು ಪುಟ್ಟ ಸಾಲಿತ್ತು. ಬೆರಳಿನಿಂದ ಒರೆಸಿದಳು. ಧೂಳಿನಡಿಯಿಂದ ಹಳದಿ ಇಣುಕಿತು.

ಅಂಗಡಿಯವನು ಸರಿಯಾಗಿಯೇ ಹೇಳಿದ್ದ. ವೈರುಗಳು ಮೂರೂ ಒಂದೇ. ಆದರೆ ತೂತುಗಳೂ ಒಂದೇ ಎಂದು ಅವನು ಹೇಳಿರಲಿಲ್ಲ. ಅದನ್ನು ಸೇರಿಸಿಕೊಂಡವಳು ಅವಳೇ.

ಪಿನ್ನುಗಳನ್ನು ಅಲ್ಲಿಗೆ ಬದಲಾಯಿಸಿದಳು. ಪರದೆ ನೀಲಿಯಾಯಿತು. ರಿಮೋಟ್ ಒತ್ತುತ್ತ ಹೋದಳು. ಒಮ್ಮೆಲೇ ಅಪ್ಪನ ಟೈ ಕೆಂಪಗೆ ಬೆಳಗಿತು.

'ಬಂತು' ಎಂದು ಅವಳು ಕೂಗಲಿಲ್ಲ. ಕ್ಯಾಸೆಟ್ ಬದಲಾಯಿಸಿ, ವೇದಿಕೆ ಬರುವವರೆಗೆ ಕಾದು, ಚಿತ್ರ ನಿಲ್ಲಿಸಿ, ಅಜ್ಜಿಯ ಕೋಣೆಗೆ ಹೋದಳು.

"ಅಜ್ಜಿ, ಒಂದ್ ನಿಮಿಷ ಬಾ."

"ಕೈಯೆಲ್ಲ ಎಣ್ಣೆ ಕಣೇ."

"ಎಣ್ಣೆ ಕೈಯಲ್ಲೇ ಬಾ. ಕನ್ನಡಕ ನಾನು ತರ್ತೀನಿ."

ಅಜ್ಜಿ ಟಿ.ವಿ.ಯ ಮುಂದೆ ನಿಂತರು. ಸಾಲಿನ ಕೊನೆಯಲ್ಲಿ ಒಂದು ಕಿತ್ತಳೆ ಫ್ರಾಕು, ಅದಕ್ಕೆ ಎಳೆ ಹಸಿರು ತೋಳುಗಳು. ಅವರು ಹತ್ತಿರ ಹೋಗಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಬೆರಳಿಟ್ಟರು. ಗಾಜಿನ ಮೇಲೆ ಎಣ್ಣೆಯ ಗುರುತು ಮೂಡಿತು.

"ಬಲಗಡೆ ತೋಳು ಒಂಚೂರು ಎಳ್ಕೊಂಡಿದೆ ನೋಡು. ಆಗ್ಲೇ ಬಿಚ್ಚಿ ಹೊಲೀಬೇಕಿತ್ತು."

"ಅಜ್ಜಿ, ಹಳದಿ ಪಿನ್ನನ್ನ ನಾನು ಹಸಿರು ತೂತಿಗೆ ಹಾಕಿದ್ದೆ. ಅದಕ್ಕೇ ಬಣ್ಣ ಬಂದಿರ್ಲಿಲ್ಲ." ಬೋಲ್ಟು ಕೈಯಲ್ಲಿದ್ದ ಕನ್ನಡಕದ ಪೆಟ್ಟಿಗೆಯ ಮುಚ್ಚಳ ತೆಗೆದು ಮುಚ್ಚಿದಳು. "ನೀನು ಮರೆತಿದೀಯ ಅಂದ್ಬಿಟ್ಟೆ."

"ಮರೀತೀನಿ ಕಣೇ, ಅದು ಸುಳ್ಳೇನಲ್ಲ. ಹಾಲು ಮರೆತಿದ್ದು ನಾನೇ ತಾನೆ?" ಅಜ್ಜಿ ಸೋಫಾದ ಮೇಲೆ ಕುಳಿತರು. "ಆದ್ರೆ ಇದನ್ನ ಮರೀತೀನಿ ಅಂದ್ಕೊಂಡಿರ್ಲಿಲ್ಲ. ಇದೂ ಹೋಯ್ತಾ ಅಂತ ಭಯ ಆಗಿತ್ತು. ಇನ್ನೇನೇನು ಹೋಗಿದ್ಯೋ ಅಂತ."

ಬೋಲ್ಟು ಅವರ ಪಕ್ಕದಲ್ಲಿ ಕುಳಿತಳು. ಅಜ್ಜಿಯ ಎಣ್ಣೆ ಕೈ ಅವಳ ಕೂದಲಿಗೆಲ್ಲ ಮೆತ್ತಿತು. ಅವಳು ತಲೆ ಸರಿಸಲಿಲ್ಲ.

ಸಂಜೆ ಎಲ್ಲರೂ ಬಂದ ಮೇಲೆ ಅವಳು ಮತ್ತೆ ಕ್ಯಾಸೆಟ್ ಹಾಕಿ, ಯಾವ ಪಿನ್ನನ್ನು ಎಲ್ಲಿಗೆ ಹಾಕಿ ತಪ್ಪು ಮಾಡಿದ್ದೆನೆಂದು ಮೊದಲೇ ಹೇಳಿದಳು.

"ಮೆಕ್ಯಾನಿಕ್ ಫೇಲ್!" ಎಂದ ಅಣ್ಣ. ಅಷ್ಟರಲ್ಲಿ ಹಾಡು ಶುರುವಾಯಿತು. ಹುಡುಗಿಯರೆಲ್ಲ ಕೈಯೆತ್ತಿದರು. ಕಿತ್ತಳೆ ಫ್ರಾಕಿನವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಸಿರು ಮರೆಯಾಯಿತು.

ಅಣ್ಣ ನಗಲು ಬಾಯಿ ತೆರೆದವನು ಹಾಗೇ ನಿಂತ. "ಸ್ಟೆಪ್ ಮರೆತಿಲ್ಲ," ಎಂದ ಮೆಲ್ಲಗೆ. "ತೋಳು ಬಚ್ಚಿಡ್ತಿದಾರೆ."

ಅಮ್ಮ ಹೆಗಲಿನ ಬ್ಯಾಗನ್ನೂ ಇಳಿಸದೆ ನೋಡುತ್ತಿದ್ದಳು. "ಬಿಳಿ ಅಂತಲೇ ನೆನಪಿತ್ತಲ್ಲಾ ಅಮ್ಮಾ ನಂಗೆ."

"ಆ ಬ್ಲ್ಯಾಕ್ ಅಂಡ್ ವೈಟ್ ಫೋಟೋನ ನೋಡಿ ನೋಡಿ ಹಾಗಾಗಿರುತ್ತೆ."

"ಅತ್ತಿದ್ದೆ, ಅಲ್ವಾ?"

"ಮೂಗು ಸೋರೋ ಹಾಗೆ," ಎಂದರು ಅಜ್ಜಿ. "ಆಮೇಲೆ ನಿನ್ನ ಫ್ರಾಕಿಗೆ ಯಾವತ್ತೂ ಬಟ್ಟೆ ಕಮ್ಮಿ ತರ್ಲಿಲ್ಲ ನಾನು. ಒಂದು ತೋಳಿನಷ್ಟು ಜಾಸ್ತಿನೇ ತರ್ತಿದ್ದೆ."

ಅಮ್ಮ ಬಂದು ಅಜ್ಜಿಯ ಪಕ್ಕ ಕುಳಿತಳು. ಹಾಡು ಮುಗಿಯಿತು. ಆಮೇಲೆ ಅಮ್ಮನೇ ಕೇಳಿದಳು: "ನಾಳೆ ಪಕ್ಕದ ಮನೆಯವರು ಬಂದ್ರೆ ಏನು ಹೇಳ್ಲಿ?"

"ಹೊಲಿಗೆ ಕಲೀಬೇಕು ಅಂದ್ರೆ ಬರ್ಲಿ. ಮೆಷಿನ್ ಹೊತ್ಕೊಂಡು ಹೋಗೋಕೆ ಬರೋದು ಬೇಡ ಅನ್ನು."

ರಾತ್ರಿಯ ಊಟದ ನಡುವೆ ಅಜ್ಜಿ ತುತ್ತನ್ನು ತಟ್ಟೆಯಲ್ಲೇ ನಿಲ್ಲಿಸಿ ತಲೆಯೆತ್ತಿದರು. "ತಾರಸಿ ಮೇಲೆ ನಲ್ಲಿ ಬಿಟ್ಟಿದೆ. ನೀರು ಬೀಳ್ತಿರೋ ಸದ್ದು ಕೇಳ್ತಿದೆ."

"ಇಲ್ಲ ಅಜ್ಜಿ, ನಂಗೇನೂ ಕೇಳ್ತಿಲ್ಲ," ಎಂದ ಅಣ್ಣ. ಅಪ್ಪನೂ ಇಲ್ಲವೆಂದು ತಲೆಯಾಡಿಸಿದರು.

ಬೋಲ್ಟು ಕೈ ತೊಳೆದುಕೊಂಡು ಮೆಟ್ಟಿಲು ಹತ್ತಿದಳು. ತಾರಸಿಯ ಮೇಲೆ ಗಾಳಿ ಬೀಸುತ್ತಿತ್ತು. ನಲ್ಲಿ ಬಿಗಿಯಾಗಿ ಮುಚ್ಚಿತ್ತು; ಕೆಳಗಿನ ನೆಲ ಒಣಗಿತ್ತು. ಅವಳು ನಲ್ಲಿಯ ಬಾಯಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ನಿಂತಳು. ಒಂದು ಹನಿಯೂ ಬೀಳಲಿಲ್ಲ.

ಕೆಳಗೆ ಬಂದು ಹೇಳಿದಳು: "ನೋಡ್ಕೊಂಡು ಬಂದೆ ಅಜ್ಜಿ. ನಲ್ಲಿ ಬಂದ್ ಇದೆ."

"ಹೌದಾ? ಹಾಗಾದ್ರೆ ನನ್ನ ಕಿವಿದೇ ಕಿತಾಪತಿ," ಎಂದು ನಕ್ಕು ಅಜ್ಜಿ ತುತ್ತನ್ನು ಬಾಯಿಗಿಟ್ಟರು. ಅವರ ಮುಖ ಸಣ್ಣದಾಗಲಿಲ್ಲ.

ಬೋಲ್ಟು ಮತ್ತೆ ತನ್ನ ತಟ್ಟೆಯ ಮುಂದೆ ಕುಳಿತಳು. ಊಟ ತಣ್ಣಗಾಗಿತ್ತು. ಅವಳು ಅಜ್ಜಿಯ ಕಡೆಗೆ ಒಂದಿಷ್ಟು ಸರಿದು, ಅದನ್ನೇ ಉಂಡಳು.