ಇಟಲಿಗೆ ಹೊರಟವಳಿಗೆ ಬುದ್ಧಿಮಾತು

"ಕೈ ತೆಗೀರಿ! ಮುಟ್ಬೇಡಿ ಹಣ್ಣನ್ನ!"

ಆ ಕೂಗಿಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಎತ್ತಿನ ಗಾಡಿಗಳು ತಾವಾಗಿಯೇ ನಿಂತವು, ತಕ್ಕಡಿಗಳು ಗಾಳಿಯಲ್ಲೇ ಮರಗಟ್ಟಿದವು. ನಂಬಿದರೆ ನಂಬಿ! ವೆಂಕಟರತ್ನಳ ಮೇಲೆ ದನಿ ಎತ್ತುವ ಗಂಡಸು ಇಡೀ ಕೋಲಾರ ಜಿಲ್ಲೆಯಲ್ಲಿ ಅದುವರೆಗೆ ಹುಟ್ಟಿರಲೇ ಇಲ್ಲ.

ಬಾದಾಮಿ ಹಣ್ಣೊಂದನ್ನು ಮೆಲ್ಲಗೆ ಒತ್ತಿ ಮೂಸುತ್ತಿದ್ದವಳು ತಿರುಗಿ ನೋಡಿದಳು. ಎದುರಿಗೆ ಒಬ್ಬ ಎತ್ತರದ ಆಸಾಮಿ. ಮಂಡಿಯ ಸೂರು ಪಾಪ, ಅವನಿಗಾಗಿ ಒಂದು ಗೇಣು ಮೇಲೆ ಸರಿದಿರಬೇಕು. ಕಣ್ಣುಗಳು ಮಾತ್ರ... ಎಲ್ಲೋ ಏನನ್ನೋ ಬಿಟ್ಟು ಬಂದವನ ಕಣ್ಣುಗಳು.

"ಏನ್ರೀ, ಇದು ನಮ್ಮಪ್ಪನ ರಾಶಿ! ಮುಟ್ತೀನಿ, ಮೂಸ್ತೀನಿ, ಬೇಕಂದ್ರೆ ಕಚ್ಚಿ ವಾಪಸ್ ಇಡ್ತೀನಿ. ಕೇಳಕ್ಕೆ ನೀವ್ಯಾರು?"

"ಇಲ್ಲಿ ಧಾರಾಳವಾಗಿ ಕಚ್ಚಿ. ಇಟಲೀಲಿ ಮುಟ್ಟಿದ್ರೂ ಅಂಗಡಿಯೋರು ಸಿಡುಕ್ತಾರೆ. ಬೆರಳು ತೋರಿಸ್ಬೇಕು, ಅವರೇ ಎತ್ತಿ ಕೊಡ್ತಾರೆ. ಇದು ಮೊದಲನೇ ಪಾಠ."

ರಾಶಿಯ ಹಿಂದಿನಿಂದ ಅಪ್ಪ ಕೋದಂಡರಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏಮ್ಮಾ, ಬೈಬೇಡ! ಇವರು ಕದಿರೇಶ ಅಂತ, ಮಾಲೂರಲ್ಲಿ ಇಟ್ಟಿಗೆ ಗೂಡು ನಡೆಸ್ತಾರೆ. ಮುಂಚೆ ಇಟಲೀಲಿ, ನೆಲಕ್ಕೆ ಹಾಸೋ ಬಿಲ್ಲೆ ಕಾರ್ಖಾನೇಲಿ ಕೆಲಸಕ್ಕಿದ್ರು. ನಿಂಗೆ ನಾಲ್ಕು ಬುದ್ಧಿ ಹೇಳ್ಲಿ ಅಂತ ನಾನೇ ಕರೆಸಿದ್ದು."

ಅದು ಸಾವಿರದ ಒಂಬೈನೂರ ಎಂಬತ್ಮೂರರ ಮಾವಿನ ಸುಗ್ಗಿ. ರತ್ನಳ ಕಥೆಯೋ, ಸುಗ್ಗಿ ಕಾಣದ ಕಥೆ. ಹತ್ತೊಂಬತ್ತಕ್ಕೆ ಮದುವೆ, ವರ್ಷ ತುಂಬುವ ಮೊದಲೇ ಗಂಡ ಕಾಮಾಲೆಗೆ ಬಲಿ. ಆಮೇಲೆ ಊರಿನವರು ಅವಳಿಗೆ ಉಣಿಸಿದ ಅಯ್ಯೋಪಾಪಗಳನ್ನು ಒಟ್ಟುಮಾಡಿದ್ದರೆ ಕೋಲಾರದ ಅಂತರಗಂಗೆ ಬೆಟ್ಟದಷ್ಟಾಗುತ್ತಿತ್ತು! ಅದರಿಂದ ತಪ್ಪಿಸಿಕೊಳ್ಳಲು ಕೋಲಾರದಲ್ಲಿ ನರ್ಸಿಂಗ್ ಓದಿದಳು. ಈಗ ಇಟಲಿಯ ಮೊದೆನಾ ಹತ್ತಿರದ ಒಂದು ವೃದ್ಧಾಶ್ರಮದಿಂದ ಕರೆ ಬಂದಿತ್ತು. ಎರಡು ವರ್ಷದ ಕೆಲಸ. ದಸರಾ ಮುಗಿದ ಮೇಲೆ ಹೊರಡಬೇಕು.

ಅಂದಿನಿಂದ ಭಾನುವಾರ ಬಂದರೆ ಮಂಡಿಯ ಜಗಲಿಯೇ ಪಾಠಶಾಲೆ.

"ಅಲ್ಲಿ ಬಸ್ಸಲ್ಲಿ ಕಂಡಕ್ಟರ್ ಇರಲ್ಲ. ತಂಬಾಕು ಅಂಗಡೀಲಿ ಟಿಕೇಟ್ ಕೊಂಡು, ಬಸ್ಸೊಳಗಿರೋ ಪೆಟ್ಟಿಗೇಲಿ ನೀವೇ ಮುದ್ರೆ ಒತ್ಕೋಬೇಕು."

"ಕಂಡಕ್ಟ್ರೇ ಇಲ್ವಾ? ಮತ್ತೆ ಚಿಲ್ಲರೆಗೆ ಜಗಳ ಯಾರ ಜೊತೆ ಆಡೋದು?"

"ಆಡೋಕೆ ಭಾಷೆ ಬರಬೇಕಲ್ಲ! ಮಧ್ಯಾಹ್ನ ಅಂಗಡಿ ಎಲ್ಲಾ ಮುಚ್ಚಿ ಮಲಗ್ತಾರೆ, ಬೆಳಿಗ್ಗೇನೇ ಬ್ರೆಡ್ಡು ತಂದಿಟ್ಕೊಳ್ಳಿ. ಕಾಫಿ ನಿಂತ್ಕೊಂಡೇ ಕುಡೀರಿ, ಕೂತ್ರೆ ಜಾಸ್ತಿ ದುಡ್ಡು. ಊರು ಸೇರಿದ ಎಂಟು ದಿನದೊಳಗೆ ಪೊಲೀಸರ ಹತ್ರ ಹೋಗಿ ಹೆಸರು ಬರೆಸ್ಬೇಕು, ಮರೀಬೇಡಿ. ಮತ್ತೆ ಉಣ್ಣೆ ಕಾಲ್ಚೀಲ... ಎರಡೆರಡು ಹಾಕ್ಕೊಳ್ಳಿ. ಅಲ್ಲಿನ ಚಳಿಯನ್ನ ನಂಬಬೇಡಿ, ರತ್ನಮ್ಮನೋರೇ."

ಚಳಿಯ ಮಾತು ಬಂದಾಗಲೆಲ್ಲ ಅವನ ದನಿ ಒಡೆಯುತ್ತಿತ್ತು. ಅವಳು ಗಮನಿಸಿದ್ದಳು, ಕೇಳಿರಲಿಲ್ಲ.

ಮುಂಗಾರು ಬಂತು, ಮಾವು ಮುಗಿಯಿತು. ಪಾಠ ಮುಗಿಯಲಿಲ್ಲ. ಶನಿವಾರ ರಾತ್ರಿ ರತ್ನಳ ಎದೆ ಬಡಿಯುವ ಸದ್ದಿಗೆ ಪಕ್ಕದ ಮುಳಬಾಗಿಲಿನವರಿಗೂ ನಿದ್ದೆ ಬರುತ್ತಿರಲಿಲ್ಲವಂತೆ!

'ಇವರು ಒಂದು ಸಲ... ಒಂದೇ ಸಲ, ಹೋಗಬೇಡ ಅನ್ನಬಾರದಾ?'

ಅವನು ಅನ್ನಲಿಲ್ಲ. ಬಂದಾಗಲೆಲ್ಲ ಇನ್ನೊಂದು ಬುದ್ಧಿಮಾತು ತಂದ, ಅಷ್ಟೇ.

'ನನ್ನನ್ನು ಕಳಿಸೋಕೆ ಇಷ್ಟೊಂದು ಆತುರವಾ?'

ಆಯುಧಪೂಜೆಯ ದಿನ ಅವಳೇ ಗಟ್ಟಿ ಮನಸ್ಸು ಮಾಡಿದಳು. ಬಾಯಿ ಬಿಟ್ಟು ಹೇಳಲು ಆಗದ್ದನ್ನು ಹೇಳುವ ದಾರಿ ಹೆಣ್ಣಿಗೆ ಒಂದಿದೆ. ಗಂಡ ಸತ್ತಂದಿನಿಂದ ಹೂವು ಕಾಣದ ಜಡೆಗೆ, ಕನ್ನಡಿಯ ಮುಂದೆ ನಿಂತು, ಒಂದು ಮೊಳ ಹಳದಿ ಸೇವಂತಿಗೆ ಮುಡಿದಳು. ಬಾಗಿಲಲ್ಲಿ ನಿಂತು ನೋಡಿದ ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಮಾಲೂರು ಬಸ್ಸು ಬರೋ ಹೊತ್ತಾಯ್ತು, ಹೊರಡಮ್ಮ" ಎಂದರು.

ಮಾಲೂರಿನ ಗೂಡುಗಳಿಗೆ ಅಂದು ಸೇವಂತಿಗೆಯ ಮದುವೆ! ಲಾರಿ, ಅಚ್ಚು, ಗುದ್ದಲಿ, ಎಲ್ಲದರ ಕೊರಳಿಗೂ ಹಳದಿ ಹಾರ. ಕದಿರೇಶ ಮಾತ್ರ ಪೂಜೆಗೆ ಕಾಯದೆ, ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಗೇಟು ದಾಟುತ್ತಿದ್ದ.

"ಕದಿರೇಶಣ್ಣ ಅನ್ನೋಕೆ ಬಾಯಿ ಬರಲ್ಲ ನಂಗೆ. ಏನೂ ಅನ್ನದೇ ಕರೀತಿದ್ದೀನಿ... ಇಲ್ಲಿ ನೋಡಿ!"

ಅವನು ನೋಡಿದ. ಮುಖದಲ್ಲಿ ನಗು ಅರಳಿತು. ಅವಳು ನಾಚಿ ತಲೆ ತಿರುಗಿಸಿದಳು, ಜಡೆ ಕಂಡಿತು. ಅರಳಿದ ನಗು ಅಲ್ಲೇ ಸತ್ತಿತು.

"ತೆಗೀರಿ ಅದನ್ನ."

"ಏನು?"

"ಆ ಹೂವು! ನಿಮ್ಮ ತಲೆ ಮೇಲೆ ಅದು ಬೇಡ... ತೆಗೆದು ಬಿಸಾಕಿ!"

ಸೈಕಲ್ ಏರಿದವನು ಹಿಂತಿರುಗಿ ನೋಡದೆ ಹೊರಟುಹೋದ.

ಅಯ್ಯೋ, ಆ ಹೊತ್ತಿಗೆ ಮಾಲೂರಿನ ಗೂಡುಗಳ ಬೆಂಕಿಯೆಲ್ಲ ಒಟ್ಟಿಗೆ ಆರಿಹೋದಂತಾಯಿತು. ಗಂಡನ ಹೆಣದ ಮುಂದೆ ಯಾರೋ ಅವಳ ಜಡೆಯಿಂದ ಹೂವು ಕಿತ್ತಿದ್ದರು. ಇಂದು ಅವಳೇ ಕಿತ್ತಳು. ಒಂದು ಎಸಳೂ ಬಿಡದಂತೆ ಕಿತ್ತಳು.

'ಇವರೂ ಅಷ್ಟೇ... ವಿಧವೆ ಹೂವು ಮುಡಿಯಬಾರದು ಅನ್ನೋರೇ.'

ಮರುವಾರ ಹೊರಡುವ ದಿನ ಗೊತ್ತಾಯಿತು. ಭಾನುವಾರ ಕದಿರೇಶ ಮನೆಗೇ ಬಂದ. ಅವಳು ಕೋಣೆಯ ಬಾಗಿಲು ತೆರೆಯಲಿಲ್ಲ. ಜಗಲಿಯಲ್ಲಿ ತುಂಬಾ ಹೊತ್ತು ಕೂತಿದ್ದು, ಒಂದು ಜೊತೆ ಉಣ್ಣೆ ಕಾಲ್ಚೀಲ ಇಟ್ಟು ಹೋದ. ಅವಳು ಅದನ್ನು ಮೂಲೆಗೆಸೆದಳು. ಆಮೇಲೆ ಎತ್ತಿಕೊಂಡು ಮುಖಕ್ಕೊತ್ತಿ ಅತ್ತಳು. ಕಾಲ್ಚೀಲ ತೊಯ್ದು ತೊಪ್ಪೆಯಾಗುವಷ್ಟು ಅತ್ತಳು!

ಹೊರಡಲು ಎರಡು ದಿನ ಇರುವಾಗ, ಮಾಲೂರಿನಿಂದ ಕದಿರೇಶನ ತಾಯಿ ಶಾಮಲಮ್ಮ ಬಸ್ಸಿಳಿದು ಬಂದರು. ಮಡಿಲಲ್ಲಿ ಹುರಿಗಾಳಿನ ಗಂಟು.

"ಬಿಡುವಾದಾಗ ಒಂದು ಉಪಕಾರ ಮಾಡ್ತೀಯೇನಮ್ಮಾ? ಅಲ್ಲಿ ನನ್ನ ಚಿಕ್ಕ ಮಗ ಆವಲಪ್ಪ ಇದಾನೆ. ಒಂದ್ಸಲ ನೋಡ್ಕೊಂಡು ಬಾ."

ರತ್ನ ಬೆರಗಾದಳು. "ತಮ್ಮ ಇದಾರಾ? ಇವರು ಹೇಳಲೇ ಇಲ್ಲ! ಎಲ್ಲಿ ಕೆಲಸಕ್ಕಿದಾರೆ?"

"ಕೆಲಸ ಎಲ್ಲೀದು... ಮಣ್ಣಲ್ಲಿ ಮಲಗವನೆ, ತಾಯಿ."

ಹುರಿಗಾಳಿನ ಗಂಟನ್ನು ಅವರು ರತ್ನಳ ಕೈಗಿಟ್ಟರು.

"ಅಣ್ಣ ತಮ್ಮ ಇಬ್ಬರೂ ಹೋಗಿದ್ರು. ಚಳೀಲಿ ನಂಜುಜ್ವರ ಏರಿ ಎದೆ ಕಟ್ಕೊಂಡು ಹೋಗ್ಬಿಟ್ಟ. ತರೋಕಾಗದೆ ಅಲ್ಲೇ ಮಣ್ಣು ಮಾಡಿದ್ರು. ಅಲ್ಲಿ ನವೆಂಬರಲ್ಲಿ ನಮ್ಮ ಪಿತೃಪಕ್ಷದ ಥರ ಒಂದು ದಿನ ಬರುತ್ತಂತೆ. ಸಮಾಧಿಗೆಲ್ಲ ಸೇವಂತಿಗೆ ಇಡ್ತಾರಂತೆ. ಆ ಊರಲ್ಲಿ ಅದು ಸತ್ತೋರ ಹೂವು. ಮನೇಗೆ ಯಾರೂ ತರಲ್ಲ, ಯಾರಿಗೂ ಕೊಡಲ್ಲ. ನನ್ನ ಮಗ ಕೈತುಂಬ ತಂದು ತಮ್ಮನ ಮೇಲೆ ಸುರಿದು ಬಂದ. ಅವತ್ತಿಂದ ಆ ಹೂವು ಕಂಡ್ರೆ ಅವನಿಗೆ ತಡ್ಕೊಳ್ಳಕ್ಕಾಗಲ್ಲ. ಆಯುಧಪೂಜೆ ದಿನ ಗೂಡಲ್ಲೇ ಇರಲ್ಲ ಕಣಮ್ಮ."

ಗೂಡಿನ ಗೇಟಿನಲ್ಲಿ ಕೇಳಿದ ಮಾತು ರತ್ನಳ ಕಿವಿಯಲ್ಲಿ ಮತ್ತೆ ಮೊಳಗಿತು.

'ನಿಮ್ಮ ತಲೆ ಮೇಲೆ ಅದು ಬೇಡ...'

"ಅಮ್ಮಾ, ಆ ಬಸ್ಸು, ಬ್ರೆಡ್ಡು, ಕಾಲ್ಚೀಲ... ಆ ಪಾಠ ಎಲ್ಲಾ?"

"ಪಾಠ ಏನ್ ಬಂತು? ಒಂದೊಂದೂ ಅವರಿಬ್ಬರು ತಿಂದ ಪೆಟ್ಟು. ಮುದ್ರೆ ಒತ್ತಿಲ್ಲ ಅಂತ ಮಂಜಲ್ಲಿ ಬಸ್ಸಿಳಿಸಿದ್ರು. ಹಣ್ಣು ಮುಟ್ಟಿ ಹತ್ತು ಜನರ ಮುಂದೆ ಬೈಸ್ಕೊಂಡ್ರು. ಆವಲಪ್ಪನಿಗೆ ಇದ್ದಿದ್ದು ಒಂದೇ ಜೊತೆ ಕಾಲ್ಚೀಲ... ನಿನಗೆ ಒಂದೂ ತಾಕಬಾರದು ಅಂತ ಕದಿರೇಶ ವಾರಪೂರ್ತಿ ಗುಣುಗುಟ್ಕೊಂಡು ನೆನಪು ಮಾಡ್ಕೋತಿದ್ದ."

ಶಾಮಲಮ್ಮನಿಗೆ ಕಾಫಿ ಕೊಡುವುದನ್ನೂ ಮರೆತು ರತ್ನ ಅವರ ಕೈ ಹಿಡಿದು ಬಸ್ಸು ಹತ್ತಿದಳು. ಶ್ರೀನಿವಾಸಪುರದಿಂದ ಮಾಲೂರಿನ ದಾರಿ ಅಂದು ಕಾಶಿಯಷ್ಟು ಉದ್ದವಾಗಿತ್ತು.

ಕದಿರೇಶ ಹಸಿ ಇಟ್ಟಿಗೆಗಳ ಸಾಲಿನ ನಡುವೆ ಒಬ್ಬನೇ ನಿಂತಿದ್ದ. ಅವಳನ್ನು ಕಂಡು ಮುಖ ಕೆಳಗೆ ಹಾಕಿದ.

"ಅವತ್ತು ಹಾಗೆ ಕೂಗಬಾರದಿತ್ತು... ನಿಮ್ಮ ಜಡೇಲಿ ಅದನ್ನ ನೋಡಿ, ನೀವೂ ಅಲ್ಲೇ ಮಣ್ಣಾಗಿ ಹೋಗ್ತೀರಿ ಅನ್ನಿಸ್ಬಿಡ್ತು. ಬುದ್ಧಿ ಕೆಟ್ಟುಹೋಯ್ತು."

"ಹೇಳ್ಬಾರದಾಗಿತ್ತಾ? ವಿಧವೆ ಅಂತ ಬೈದ್ರಿ ಅಂದ್ಕೊಂಡೆ!"

ಅವನು ಗಾಬರಿಯಿಂದ ತಲೆ ಎತ್ತಿದ. ಆ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಹಸಿ ಇಟ್ಟಿಗೆ ಒಂದೆರಡು ಕರಗಿದ್ದಂತೂ ಖಂಡಿತ.

"ಅಯ್ಯೋ... ನನ್ನ ಬಾಯಿ ಸುಡ. ಇಷ್ಟು ದಿನ ನಾನು ಹೇಳ್ಬೇಕು ಅಂದ್ಕೊಂಡಿದ್ದು ಒಂದೇ ಮಾತು. ಅದೊಂದು ಬಿಟ್ಟು ಬೇರೆಲ್ಲಾ ಹೇಳ್ದೆ."

"ಈಗ ಹೇಳಿ. ಹೋಗ್ಬೇಡ ಅನ್ನಿ, ಉಳೀತೀನಿ."

ಅವನು ತಲೆ ಅಲ್ಲಾಡಿಸಿದ.

"ಅನ್ನಲ್ಲ. ಕಷ್ಟಪಟ್ಟು ಓದಿದ್ದೀರಿ, ಹೋಗಿ. ನೀವಂದ್ರೆ ನನಗೆ ಪ್ರಾಣ, ಅದಕ್ಕೇ ಕಟ್ಟಿ ಹಾಕಲ್ಲ. ಮಳೆಗಾಲಕ್ಕೆ ಗೂಡಿನ ಕೆಲಸ ನಿಂತ ಮೇಲೆ... ನಾನೇ ಬರ್ತೀನಿ."

"ಆ ಊರಿಗಾ? ಇನ್ನು ಕಾಲಿಡಲ್ಲ ಅಂದಿದ್ರಂತೆ, ಬಸ್ಸಲ್ಲಿ ಅಮ್ಮ ಹೇಳಿದ್ರು?"

"ಅಂದಿದ್ದೆ. ಅಲ್ಲಿ ಅವನೊಬ್ಬನೇ ಇದ್ದಾಗ ಧೈರ್ಯ ಸಾಲಲಿಲ್ಲ. ಈಗ ನೀವೂ ಇರ್ತೀರಲ್ಲ."

ಅವಳು ಅವನ ಕೆಮ್ಮಣ್ಣಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಬಿಡಿಸಿಕೊಳ್ಳಲು ಅವನು ನೋಡಲಿಲ್ಲ.

"ಹೋದ ತಕ್ಷಣ ಆವಲಪ್ಪನ ಹತ್ರ ಹೋಗ್ತೀನಿ. ಏನ್ ಹೇಳ್ಲಿ?"

"ಅಮ್ಮ ಚೆನ್ನಾಗಿದಾಳೆ ಅನ್ನಿ. ಅಣ್ಣ ಬರ್ತಾನೆ ಅನ್ನಿ."

"ಸರಿ. ಇಷ್ಟೆಲ್ಲಾ ಹೇಳೋಕೆ ನೀನ್ಯಾರು ಅಂತ ಕೇಳಿದ್ರೆ?"

ಕದಿರೇಶ ಅಂದು ಮೊದಲ ಬಾರಿಗೆ ಅವಳನ್ನು ಏಕವಚನದಲ್ಲಿ ಕರೆದ.

"ಅತ್ತಿಗೆ... ಅನ್ನು, ರತ್ನಾ."