ಕುಂಟು ಜಮಾದಾರನ ಸಾಕ್ಷಿ

ತಗಡಿನ ಡಬ್ಬಿ ಕಪಾಟಿನಲ್ಲೇ ಇತ್ತು. ಅದರೊಳಗಿನ ಕ್ಯಾಸೆಟ್ ಇರಲಿಲ್ಲ.

ಗಡಿಯಾರ ರಿಪೇರಿಯವರು ಡಬ್ಬಿಯನ್ನು ತಲೆಕೆಳಗು ಮಾಡಿ ಅಲುಗಿಸಿದರು. ಕಪಾಟಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಎಳೆದರು. ಟೇಪ್‌ರೆಕಾರ್ಡರಿನ ಬಾಯಿ ತೆರೆದು ನೋಡಿದರು. ಅದೂ ಖಾಲಿ. ಆಮೇಲೆ ಮಂಚದ ಅಂಚಿಗೆ ಕುಸಿದು ಕೂತರು.

ತೀರಿಹೋದ ಹೆಂಡತಿಯ ದನಿ ಈ ಲೋಕದಲ್ಲಿ ಉಳಿದಿದ್ದು ಅದೊಂದರಲ್ಲಿ. ಯಾವ ಕಾಲದಲ್ಲೋ ಗಿರಾಕಿಯೊಬ್ಬರ ಟೇಪ್‌ರೆಕಾರ್ಡರ್ ರಿಪೇರಿ ಮಾಡಿ, ಪರೀಕ್ಷೆಗೆಂದು "ಏನಾದ್ರೂ ಹೇಳೇ" ಎಂದಿದ್ದರು. ಆಕೆ ಒಂದು ಪದ್ಯ ಹೇಳಿದ್ದಳು. ಅದರ ಬೆನ್ನಿಗೇ ಇನ್ನೊಂದು. ಮತ್ತೊಂದಕ್ಕೆ ಬಾಯಿ ತೆರೆಯುವಷ್ಟರಲ್ಲಿ, "ಸಾಕು ಸಾಕು, ಕೆಲಸ ಮಾಡ್ತಾ ಇದೆ" ಎಂಬ ಇವರದೇ ದನಿ. ಟೇಪು ಅಲ್ಲಿಗೆ ಮುಗಿಯುತ್ತಿತ್ತು. ಹಾಕಿ ಹಾಕಿ ಸವೆದೀತೆಂಬ ಭಯಕ್ಕೆ ವಾರಕ್ಕೊಂದೇ ಸಲ, ಭಾನುವಾರ ನಸುಕಿನಲ್ಲಿ, ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು.

ಇವತ್ತು ಭಾನುವಾರ.

ಅಷ್ಟರಲ್ಲಿ ಹಿತ್ತಲಿನಿಂದ ಕಿರುಚಾಟ. ರೆಕ್ಕೆ ಬಡಿದ ಸದ್ದು.

"ಅಯ್ಯಯ್ಯೋ! ಹಿಡ್ಕೊಳ್ರೀ ಯಾರಾದ್ರೂ!"

ಮಹಡಿಯ ಬಾಡಿಗೆಯವನು ಮೆಟ್ಟಿಲ ಬುಡದಲ್ಲಿ ಒಂಟಿಗಾಲಲ್ಲಿ ಕುಣಿಯುತ್ತಿದ್ದ. ಮೊಣಕಾಲ ಕೆಳಗೆ ರಕ್ತ. ಅವನೆದುರು ಕತ್ತಿನ ಗರಿ ಕೆದರಿಕೊಂಡು, ತಾನೂ ಒಂದು ಕಾಲೆತ್ತಿಕೊಂಡು ನಿಂತಿತ್ತು ಮನೆಯ ಹುಂಜ, ಜಮಾದಾರ.

*

ಡಾಕ್ಟರಮ್ಮ ಗೇಟು ದಾಟಿ ಒಳಬಂದಾಗ ಹಿತ್ತಲಿನಲ್ಲಿ ನ್ಯಾಯ ನಡೆಯುತ್ತಿತ್ತು.

ಅವರು ದನಕರು, ನಾಯಿ, ಕೋಳಿಗಳ ಡಾಕ್ಟರು. ಹುಂಜ ಕುಂಟುತ್ತಿದೆ, ಕಂಡಕಂಡವರ ಮೇಲೆ ಹಾರುತ್ತಿದೆ, ಬನ್ನಿ ಎಂದು ಹೇಳಿಕಳಿಸಿದ್ದು ಟೈಲರಕ್ಕ. ಗಡಿಯಾರದವರ ಹೆಂಡತಿಯ ತಂಗಿ. ಅಕ್ಕ ಇದ್ದಾಗಿನಿಂದಲೂ ಆ ಮನೆಯ ಮುಂಗೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡವಳು. ಮಾತು ಕಡಿಮೆ. ಅಕ್ಕ ಹೋದ ಮೇಲಂತೂ ಯಂತ್ರದ ಸದ್ದೇ ಅವಳ ಮಾತು.

"ಬನ್ನಿ ಡಾಕ್ಟ್ರೇ," ಎಂದರು ಗಡಿಯಾರದವರು. ಕ್ಯಾಸೆಟ್ಟಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಬಾಡಿಗೆಯವನತ್ತ ಬೆರಳು ತೋರಿಸಿದರು. "ಪ್ರಾಣಿಗೆ ಸುಳ್ಳು ಗೊತ್ತಿಲ್ಲ. ಮರಿಯಾಗಿದ್ದಾಗ ಅವಳ ಮಡಿಲಲ್ಲೇ ಬೆಳೆದ ಹುಂಜ ಇದು. ಕಳ್ಳ ಯಾರು ಅಂತ ಕುಕ್ಕಿ ತೋರಿಸಿದೆ, ನೋಡಿ."

"ಹುಂಜ ಸಾಕ್ಷಿ, ನೀವೇ ಜಡ್ಜು! ಇನ್ನು ನನ್ನ ಪರ ವಾದ ಮಾಡೋಕೆ ನಾನೊಂದು ಕೋಳಿ ಹುಡುಕ್ಬೇಕು," ಎಂದ ಬಾಡಿಗೆಯವನು.

"ಆ ಕ್ಯಾಸೆಟ್ಟನ್ನ ಬಾವಿಗೆ ಎಸೀತೀನಿ ಅಂದಿದ್ಯೋ ಇಲ್ವೋ?"

"ಅಂದಿದ್ದೆ. ರಾತ್ರಿಯೆಲ್ಲಾ ಪ್ರೆಸ್ಸಲ್ಲಿ ನಿಂತು ಬಂದು ಆಗಷ್ಟೇ ಕಣ್ಣು ಮುಚ್ಚಿರ್ತೀನಿ, ನಿಮ್ಮ ಕಿಟಕಿಯಿಂದ ಮೇಲಕ್ಕೆ ಪದ್ಯ ಶುರು. ನಿದ್ದೆಗೆಟ್ಟವನು ನೂರು ಅಂತಾನೆ. ಹೋದ ಭಾನುವಾರ ನೀವು ಕೇಳ್ತಾ ಕೂತಿದ್ದಾಗಲೇ ಚೀಲ ಹಿಡ್ಕೊಂಡು ಅಕ್ಕನ ಊರಿಗೆ ಹೊರಟೆ. ಬಂದಿದ್ದು ಇವತ್ತು. ಮೆಟ್ಟಿಲು ಹತ್ತೋಕೂ ಬಿಡ್ಲಿಲ್ಲ ನಿಮ್ಮ ಜಮಾದಾರ."

"ನಾನು ಏಳೋ ಮುಂಚೆ ಬಂದಿದ್ದೀಯ. ಕತ್ತಲಲ್ಲಿ ಒಳಗೆ ನುಗ್ಗಿ ತಗೊಂಡಿದ್ದೀಯ. ಸಂಜೆಯೊಳಗೆ ಅದು ಡಬ್ಬಿಗೆ ಬಂದ್ರೆ ಸರಿ. ಇಲ್ದಿದ್ರೆ ಮನೆ ಖಾಲಿ ಮಾಡು. ಆಮೇಲೆ ಪೊಲೀಸ್ನೋರ ಹತ್ರ ಮಾತಾಡು." ಗದರಿಸಿದವರು ಡಾಕ್ಟರಮ್ಮನತ್ತ ತಿರುಗಿದರು. "ನಂಗೆ ಅವಳ ಮುಖ ನೆನಪಿದೆ ಡಾಕ್ಟ್ರೇ. ದನಿ ನೆನಪಿಲ್ಲ. ಕೇಳಿದಾಗ ಬರುತ್ತೆ, ಬುಧವಾರ ಗುರುವಾರದ ಹೊತ್ತಿಗೆ ಹೊರಟುಹೋಗುತ್ತೆ. ಭಾನುವಾರ ಬರ್ಲಿ ಅಂತ ಕಾಯ್ತೀನಿ."

ದಿನಾ ಮುಂಜಾನೆ ಪದ್ಯ ಹೇಳಿ ಎಬ್ಬಿಸುತ್ತಿದ್ದ ತಂದೆ ಡಾಕ್ಟರಮ್ಮನಿಗೂ ಇದ್ದರು. ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದವು. ಹೇಳಿದ ದನಿ ಎಂದೋ ಆರಿಹೋಗಿತ್ತು.

"ಮೊದಲು ಸಾಕ್ಷಿಯ ಕಾಲು ನೋಡೋಣ," ಎಂದರು.

*

ಜಮಾದಾರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಬಲಗಾಲು ನೆಲದ ಮೇಲೆ. ಎಡಗಾಲು ಹೊಟ್ಟೆಯ ಗರಿಯೊಳಗೆ.

ಡಾಕ್ಟರಮ್ಮ ಬಲಗಡೆಯಿಂದ ಹತ್ತಿರ ಹೋದರು. ಹುಂಜ ದುರುಗುಟ್ಟಿತು, ಅಷ್ಟೇ. ಹಿಂದೆ ಸರಿದು ಎಡಗಡೆಯಿಂದ ಬಂದರು. ಹಾರಿಯೇ ಬಿಟ್ಟಿತು. ಅವರು ಕಾದಿದ್ದವರಂತೆ ಟವಲನ್ನು ಅದರ ಮೇಲೆ ಬೀಸಿ, ರೆಕ್ಕೆ ಎರಡನ್ನೂ ಮೈಗೆ ಒತ್ತಿ ಬಾಚಿ ಹಿಡಿದರು. ಕಣ್ಣಿಗೆ ಕತ್ತಲೆಯಾದದ್ದೇ ತಡ, ಜಮಾದಾರನ ಪೌರುಷ ಇಳಿಯಿತು. ಟವಲಿನೊಳಗಿಂದ ಸಣ್ಣಗೆ ಕುಂಯ್‌ಗುಟ್ಟಿದ.

"ಯಾವಾಗಿಂದ ಕುಂಟ್ತಿದಾನೆ?"

"ಬುಧವಾರ ನೋಡಿದ್ದು," ಎಂದಳು ಟೈಲರಕ್ಕ. "ಕಾಳು ಹಾಕೋಕೆ ಹೋದ್ರೆ ನನ್ನ ಮೇಲೇ ಬಂದ."

ಪಾದದ ಅಡಿ ನೋಡಿದರು. ಮುಳ್ಳು ಚುಚ್ಚಿ ಒಳಗೆ ಕೀವು ಕಟ್ಟಿದರೆ ಅಲ್ಲೊಂದು ಕಪ್ಪು ಹಕ್ಕಳೆ ಇರಬೇಕು. ಇರಲಿಲ್ಲ. ಕೀಲು ಮಡಿಚಿ ಬಿಚ್ಚಿದರು. ಸರಿಯಾಗಿತ್ತು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ತಣ್ಣಗಿದ್ದವು. ಪಾದ ಊದಿ ಬಿಗಿದಿತ್ತು. ಅದಕ್ಕಿಂತ ಮೇಲೆ, ಕಾಲಿನ ಹುರುಪೆಗಳ ನಡುವೆ ಉಂಗುರದಂಥ ಒಂದು ಗೀರು. ಏನೋ ಬಿಗಿಯಾಗಿ ಸುತ್ತಿಕೊಂಡು ಚರ್ಮದೊಳಕ್ಕೆ ಇಳಿದುಬಿಟ್ಟಿತ್ತು.

"ದಾರ ಇರ್ಬೇಕು. ಟೈಲರ್ ಮನೆ ಕೋಳಿಗಳಿಗೆ ಇದು ತಪ್ಪಿದ್ದಲ್ಲ," ಎಂದರು ಡಾಕ್ಟರಮ್ಮ.

"ನನ್ನ ದಾರಾನೇ ಇರ್ಬೇಕು," ಎಂದಳು ಟೈಲರಕ್ಕ. ಸ್ವಲ್ಪ ಬೇಗನೆ ಎಂದಳು.

ಬೋಗುಣಿಯಲ್ಲಿ ಬಿಸಿನೀರು ಬಂತು. ಉಪ್ಪು ಬಿತ್ತು. ಕಾಲು ನೆನೆದು ಮೆತ್ತಗಾದ ಮೇಲೆ, ಮೊಂಡು ತುದಿಯ ಪುಟ್ಟ ಕತ್ತರಿಯನ್ನು ಗೀರಿನೊಳಗೆ ತೂರಿಸಿ ಒಂದೊಂದೇ ಸುತ್ತನ್ನು ತುಂಡರಿಸಿ ಇಕ್ಕಳದಲ್ಲಿ ಎಳೆದರು. ಜಮಾದಾರ ಒಮ್ಮೆ ಒದ್ದು ಸುಮ್ಮನಾದ. ಹೊರಬಂದ ಚೂರುಗಳನ್ನು ನೀರಿಗೆ ಹಾಕಿದರು.

ದಾರವಾಗಿದ್ದರೆ ಮುದುಡಿಯೇ ಇರಬೇಕಿತ್ತು. ಇವು ಹುರಿ ಬಿಚ್ಚಿಕೊಂಡು ಚಪ್ಪಟೆಯಾದವು. ಮಣ್ಣು ತೊಳೆದುಹೋಯಿತು. ಕಂದು ಬಣ್ಣದ, ಹೊಳೆಯುವ, ತೆಳ್ಳನೆ ಪಟ್ಟಿ.

ಕ್ಯಾಸೆಟ್ಟಿನ ಟೇಪು.

ಡಾಕ್ಟರಮ್ಮ ಬೋಗುಣಿಯನ್ನು ತಮ್ಮತ್ತ ಎಳೆದುಕೊಂಡರು. ತುಂಡುಗಳನ್ನು ಇಕ್ಕಳದಲ್ಲಿ ತಿರುಗಿಸಿ ನೋಡಿದರು. ಒಂದರ ಕೊನೆ ಎಳೆದು ಹರಿದು ಮುದುಡಿತ್ತು. ಇನ್ನೊಂದು ಕೊನೆ ಹಾಗಿರಲಿಲ್ಲ. ಅಲ್ಲಿ ಚೂಪಾದ ಒಂದೇ ಒಂದು ಹಲ್ಲು. ತಮ್ಮ ಕತ್ತರಿಯ ಗುರುತು ನೇರ. ಇದು ಬೇರೆ ಕತ್ತರಿಯದು.

"ಕಟ್ಟೋಕೆ ಒಂದು ಶುದ್ಧ ಬಟ್ಟೆ ಚೂರು ಕೊಡ್ತೀರಾ?"

ಟೈಲರಕ್ಕ ಒಳಗಿನಿಂದ ಬಿಳಿ ಪಟ್ಟಿಯೊಂದನ್ನು ತಂದಳು. ನೂಲು ಬಿಚ್ಚದಿರಲೆಂದು ಅದರ ಅಂಚನ್ನು ಉದ್ದಕ್ಕೂ ಹಲ್ಲುಹಲ್ಲಾಗಿ ಕತ್ತರಿಸಿದ್ದಳು. ಡಾಕ್ಟರಮ್ಮ ಪಟ್ಟಿಯನ್ನೂ ನೋಡಿದರು, ಅದನ್ನು ಹಿಡಿದ ಕೈಯನ್ನೂ ನೋಡಿದರು. ಟೇಪಿನ ಕೊನೆಯಲ್ಲಿದ್ದದ್ದೂ ಇದೇ ಹಲ್ಲು.

ಔಷಧಿ ಹಚ್ಚಿದರು. ರಕ್ತ ಓಡಾಡಲು ಜಾಗ ಬಿಟ್ಟು ಪಟ್ಟಿ ಸುತ್ತಿದರು. ಬುಟ್ಟಿಗೆ ಹುಲ್ಲು ಹಾಸಿ ಜಮಾದಾರನನ್ನು ಕೂರಿಸಿದರು. ಒಂದು ಗಳಿಗೆ, ಏನೂ ಹೇಳದೆ ಹೊರಟುಬಿಡೋಣ ಎನಿಸಿತು. ಹೊರಟರೆ ಸಂಜೆಗೆ ಬಾಡಿಗೆಯವನು ಬೀದಿಗೆ ಬೀಳುತ್ತಿದ್ದ.

"ಟೈಲರಕ್ಕ," ಎಂದು ಮೆಲ್ಲಗೆ ಕರೆದರು. "ನೀವೇ ಹೇಳ್ತೀರಾ, ನಾನು ಹೇಳ್ಲಾ?"

*

ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ನೀರಿನ ಬೋಗುಣಿ. ಸುತ್ತ ಎಲ್ಲರೂ.

"ಬಾಡಿಗೆಯವರು ಕಳ್ಳರಲ್ಲ," ಎಂದರು ಡಾಕ್ಟರಮ್ಮ. "ಜಮಾದಾರ ನೋವಿರೋ ಕಾಲನ್ನ ಮೆಟ್ಟಿಲ ಕಡೆಗೆ ಇಟ್ಕೊಂಡು ನಿಂತಿದ್ದ. ಆ ಕಡೆಯಿಂದ ಯಾರು ಬಂದ್ರೂ ಹಾರ್ತಾನೆ. ನಾನು ಏನು ಕದ್ದಿದ್ದೆ? ನನ್ನ ಮೇಲೂ ಹಾರಿದ."

"ಹಾಗಾದ್ರೆ ಕ್ಯಾಸೆಟ್?"

"ಅದರ ಒಂದು ತುಂಡು ಈ ಬೋಗುಣೀಲಿದೆ. ಹುಂಜದ ಕಾಲಿಗೆ ಸುತ್ಕೊಂಡಿತ್ತು. ಅವನು ಕುಂಟೋಕೆ ಶುರು ಮಾಡಿದ್ದು ಬುಧವಾರ. ಅಂದ್ರೆ ಟೇಪು ಹರಿದಿದ್ದು ಅದಕ್ಕೂ ಮುಂಚೆ. ಹೋದ ಭಾನುವಾರ ನೀವು ಕೇಳಿದ್ದೀರಿ, ಆಗಲೇ ಇವರು ಹೊರಟಿದ್ದಾರೆ. ಬಂದಿದ್ದು ಇವತ್ತು. ನಡುವೆ ಮನೇಲಿದ್ದೋರು ಯಾರು?"

ಗಡಿಯಾರದವರು ಬೋಗುಣಿಗೆ ಬಗ್ಗಿದರು. ಕಣ್ಣಿಗೆ ಭೂತಗನ್ನಡಿ ಇಟ್ಟು ಟೇಪಿನ ಹಲ್ಲನ್ನು ನೋಡಿದರು. ಆಮೇಲೆ ಹುಂಜದ ಕಾಲಿನ ಪಟ್ಟಿಯ ಅಂಚನ್ನು ನೋಡಿದರು. ನಿಧಾನವಾಗಿ ತಲೆ ಎತ್ತಿದರು.

"ಪುಟ್ಟೀ?"

"ಕದೀಬೇಕು ಅಂತ ತಗೊಂಡಿಲ್ಲ ಭಾವ." ಟೈಲರಕ್ಕ ನಿಂತಲ್ಲೇ ಕೂತುಬಿಟ್ಟಳು. "ಮಂಗಳವಾರ ಮಧ್ಯಾಹ್ನ ನೀವು ಅಂಗಡೀಲಿದ್ರಿ. ಒಂದೇ ಒಂದ್ಸಲ ಕೇಳೋಣ ಅಂತ ಹಾಕ್ದೆ. ಮೆಷಿನ್ನು ಟೇಪನ್ನ ನುಂಗಿಬಿಡ್ತು. ಅಕ್ಕನ ದನಿ ನರಳಿದ ಹಾಗೆ ಬಂತು. ಗಾಬರಿಯಾಗಿ ಎಳೆದೆ, ಹರೀತು. ಸುಕ್ಕಾದಷ್ಟನ್ನ ಕೈಲಿದ್ದ ಹಲ್ಲಿನ ಕತ್ತರೀಲೇ ಕತ್ತರಿಸಿದೆ. ಉಳಿದಿದ್ದು ಹೊಲಿಗೆ ಮೆಷಿನ್ನಿನ ಡ್ರಾದಲ್ಲಿದೆ. ಅಂಟಿಸೋಕೆ ದಿನಾ ಕೂತೆ. ಬರಲಿಲ್ಲ."

"ಕತ್ತರಿಸಿದ್ದು ಕೋಳಿ ಕಾಲಿಗೆ ಹೇಗೆ ಹೋಯ್ತಕ್ಕಾ?" ಎಂದ ಬಾಡಿಗೆಯವನು.

"ಒಲೆಗೆ ಹಾಕೋಕೆ ಕೈ ಬರ್ಲಿಲ್ಲ. ಕಸಕ್ಕೂ ಹಾಕೋಕಾಗ್ಲಿಲ್ಲ. ಅಕ್ಕನ ದನಿಯಲ್ವಾ? ಅವಳು ನಿಂತು ಕಾಳು ಹಾಕ್ತಿದ್ಲಲ್ಲ, ಅಲ್ಲೇ ಮಣ್ಣು ಮಾಡ್ದೆ."

ಜಮಾದಾರ ದಿನಾ ಕೆದಕುವ ಜಾಗವೇ ಅದು. ದುಃಖದಲ್ಲಿದ್ದವಳಿಗೆ ಅಷ್ಟು ಹೊಳೆಯಲಿಲ್ಲ.

"ಇವನ ಮೇಲೆ ತಪ್ಪು ಬಂದಾಗಲೂ ಸುಮ್ಮನಿದ್ಯಲ್ಲ," ಎಂದರು ಗಡಿಯಾರದವರು. "ನನ್ನ ಕೇಳಿದ್ರೆ ನಾನೇ ಹಾಕ್ತಿದ್ನಲ್ಲ ಪುಟ್ಟಿ."

"ಬಾಗಿಲು ಹಾಕಿರ್ತಿತ್ತು ಭಾವ."

ಗಡಿಯಾರದವರು ತಿರುಗಿ ಕೋಣೆಯ ಬಾಗಿಲ ಕಡೆ ನೋಡಿದರು.

"ಎಷ್ಟೋ ಭಾನುವಾರ ಆಚೆ ನಿಂತಿದ್ದೀನಿ. ಬಾಗಿಲ ಆಚೆಗೆ ಮಾತು ಬರೋದಿಲ್ಲ. ಬರೀ ದನಿಯ ಸುಳಿವು ಬರುತ್ತೆ. ಯಾವ ಪದ್ಯ, ಯಾವ ಸಾಲು ಅಂತ ಊಹೆ ಮಾಡ್ತಾ ನಿಂತಿರ್ತಿದ್ದೆ." ಸೆರಗಿನಿಂದ ಮೂಗೊರೆಸಿಕೊಂಡು ಬಾಡಿಗೆಯವನತ್ತ ತಿರುಗಿದಳು. "ತಪ್ಪಾಯ್ತಪ್ಪ ನಂದು."

"ಬಿಡಿ ಅಕ್ಕ," ಎಂದ ಅವನು. "ಡಾಕ್ಟ್ರೇ, ಆ ಔಷಧಿ ಸ್ವಲ್ಪ ನಂಗೂ ಹಚ್ಚಿ. ಈ ಮನೇಲಿರೋ ತನಕ ನಾನೂ ನಿಮ್ಮ ಪೇಷೆಂಟೇ."

*

ಗಡಿಯಾರದವರು ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದರು. ಕೂದಲೆಳೆಯ ಸ್ಪ್ರಿಂಗು ಕೂರಿಸುವ ಬೆರಳುಗಳು ಟೇಪಿನ ಎರಡು ತುದಿಗಳನ್ನು ಸಮ ಮಾಡಿ, ಒಂದರ ಪಕ್ಕ ಒಂದಿಟ್ಟು, ಮೇಲೊಂದು ಚೂರು ಅಂಟುಪಟ್ಟಿ ಒತ್ತಿದವು. ಬೋಗುಣಿಯ ತುಂಡುಗಳು ಇನ್ನು ಸೇರುವಂತಿರಲಿಲ್ಲ. ಅಷ್ಟು ದನಿ ಹೋಯಿತು.

ಟೇಪ್‌ರೆಕಾರ್ಡರನ್ನು ಕೋಣೆಯಿಂದ ಹೊರಗೆ ತಂದು ಚಪ್ಪಡಿಯ ಮೇಲಿಟ್ಟರು. ಡಾಕ್ಟರಮ್ಮ ಚೀಲ ಕಟ್ಟಿಕೊಂಡವರು ಹೊರಡಲಿಲ್ಲ.

ಗರಗರ ಸದ್ದು. ಅದರ ಹಿಂದಿನಿಂದ, ಈಗಷ್ಟೇ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದವಳ ಹಾಗೆ, ಒಂದು ದನಿ.

*ಬಾಗಿಲು ತಟ್ಟದೆ ಬಂದೆಯ ಬೆಳಕೇ,*
*ಬಂದವ ಕೂರದೆ ಹೊರಟೆಯ?*

ಅಲ್ಲಿ ಟೇಪು ಟಕ್ಕೆಂದು ಹಾರಿತು. "ಸಾಕು ಸಾಕು, ಕೆಲಸ ಮಾಡ್ತಾ ಇದೆ" ಎಂದಿತು ಹಳೆಯ ಗಂಡುದನಿ. ಗಡಿಯಾರದವರು ಆ ಮಾತು ಕೇಳಲಾರದೆ ಬಟನ್ ಒತ್ತಿ ನಿಲ್ಲಿಸಿದರು.

ಪದ್ಯ ಕಡಿದುಹೋದಲ್ಲಿಂದ ಮುಂದಕ್ಕೆ ಟೈಲರಕ್ಕನ ತುಟಿ ಅಲುಗಿತು. ಅಕ್ಕ ಹೋದ ಮೇಲೆ ಆ ಬಾಯಲ್ಲಿ ಯಾರೂ ಪದ್ಯ ಕೇಳಿರಲಿಲ್ಲ.

*ಹೊರಟರೆ ಹೊರಡು, ಹೊಸ್ತಿಲ ಮೇಲೆ*
*ಹೆಜ್ಜೆಯ ಬಿಸಿಯನು ಬಿಟ್ಟು ನಡೆ.*

ಅದೇ ದನಿ. ಒಂದೇ ತಾಯಿಯ ಮಡಿಲಲ್ಲಿ ಕಲಿತ ಅದೇ ಎಳೆತ, ಅದೇ ತಡೆತ. ಬುಟ್ಟಿಯಲ್ಲಿ ಜಮಾದಾರ ಕತ್ತೆತ್ತಿದ. ಕೆದರಿದ್ದ ಗರಿಗಳು ಒಂದೊಂದಾಗಿ ಮೈಗೆ ಕೂತವು.

ಡಾಕ್ಟರಮ್ಮ ಕಣ್ಣು ಮುಚ್ಚಿದರು.

ಗಡಿಯಾರದವರ ಬೆರಳು ಟೇಪನ್ನು ಹಿಂದಕ್ಕೆ ಸುತ್ತುವ ಬಟನ್ನಿನ ತನಕ ಹೋಗಿ, ಮುಟ್ಟದೆ ಹಿಂದೆ ಬಂತು.

"ಇನ್ನೊಂದ್ಸಲ ಹೇಳು ಪುಟ್ಟಿ," ಎಂದರು.